ಜಜ್ಜಿದ ಉಗುರಿಗೆ ಮನೆಯ ಆರೈಕೆ

ಮುಂಬೈಯ ಹಳೆಯ ಕಟ್ಟಡಗಳಲ್ಲಿ ಇಂದಿಗೂ ಎಳೆದು ಮುಚ್ಚುವ ಜಾಲರಿ ಬಾಗಿಲಿನ ಲಿಫ್ಟುಗಳಿವೆ. ಮಾಟುಂಗಾದಲ್ಲಿ ನೆಂಟರ ಮನೆಗೆ ಹೋಗಿದ್ದಾಗ ಅಂಥದೊಂದು ಬಾಗಿಲಿಗೆ ನನ್ನ ಹೆಬ್ಬೆರಳು ಸಿಕ್ಕಿ, ಮೂರನೆಯ ಮಹಡಿ ತಲುಪುವಷ್ಟರಲ್ಲಿ ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮನೆಯಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು: ಅರಿಶಿನ ಮೆತ್ತುವುದು, ಸುಣ್ಣ ಹಚ್ಚುವುದು, ಸೂಜಿ ಕಾಯಿಸಿ ಚುಚ್ಚುವುದು, ಸಡಿಲಾದರೆ ಕಿತ್ತೇಬಿಡುವುದು. ಇವುಗಳಲ್ಲಿ ಒಂದನ್ನೂ ಮಾಡದೆ ಇದ್ದುದರಿಂದಲೇ ಬೆರಳು ನೆಟ್ಟಗಾಯಿತೆಂದು ನನ್ನ ನಂಬಿಕೆ.

ಮೊದಲು ನೋವಿನ ಮೂಲವನ್ನು ತಿಳಿದುಕೊಳ್ಳಬೇಕು. ಉಗುರು ನಿರ್ಜೀವವಾದ ಗಟ್ಟಿ ಹಾಳೆ. ನೋಯುವುದು ಅದರ ಕೆಳಗಿನ ಮೆತ್ತನೆಯ ಹಾಸು. ಆ ಹಾಸು ಬೆರಳ ತುದಿಯ ಎಲುಬಿಗೆ ಬಹುತೇಕ ಅಂಟಿಕೊಂಡೇ ಇರುತ್ತದೆ. ಪೆಟ್ಟು ಬಿದ್ದಾಗ ಅಲ್ಲಿನ ಸಣ್ಣ ರಕ್ತನಾಳಗಳು ಒಡೆದು ಸೋರುವ ರಕ್ತಕ್ಕೆ ಮೇಲೆ ಉಗುರು, ಕೆಳಗೆ ಎಲುಬು ಅಡ್ಡವಾಗಿ, ಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ನಾಡಿ ಬಡಿದಂತೆ ಮಿಡಿಯುವ ನೋವು ಹುಟ್ಟುವುದು ಹೀಗೆ. ಆದ್ದರಿಂದ ಮನೆಯಲ್ಲಿ ನಾವು ಮಾಡಬೇಕಾದುದು ಎರಡೇ: ಒತ್ತಡವನ್ನು ಹೆಚ್ಚಲು ಬಿಡದಿರುವುದು, ಹಾಸಿಗೆ ಕೊಳೆ ತಾಗದಂತೆ ಕಾಯುವುದು.

ಪೆಟ್ಟಾದ ಬೆರಳಿನಲ್ಲಿ ಉಂಗುರವಿದ್ದರೆ ಊತ ಬರುವ ಮುನ್ನವೇ ತೆಗೆದಿಡಿ. ಆಮೇಲೆ ಅದು ಬಾರದು. ಚರ್ಮ ಹರಿದಿದ್ದರೆ ಕುಡಿಯಲು ಯೋಗ್ಯವಾದ ನೀರು ಧಾರೆಯಾಗಿ ಬೀಳುವಂತೆ ಮಾಡಿ ಐದು ನಿಮಿಷ ತೊಳೆದು, ರಕ್ತ ಬರುತ್ತಿದ್ದರೆ ಒಗೆದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ನಿಂತಿತೇ ಎಂದು ಬಟ್ಟೆ ಎತ್ತಿ ನೋಡುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಬಳಿಕ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಿರಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಇಡಿ. ಬರಿಯ ಮಂಜುಗಡ್ಡೆ ಚರ್ಮವನ್ನು ಸುಡುತ್ತದೆ. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿದರೆ ಮಿಡಿತ ತಗ್ಗುತ್ತದೆ. ಲೋಕಲ್ ರೈಲಿನ ಗದ್ದಲದಲ್ಲಿ ಮನೆಗೆ ಮರಳುವವರು ಆ ಕೈಯನ್ನು ಎದುರು ಹೆಗಲ ಮೇಲಿಟ್ಟುಕೊಂಡರೆ ಎತ್ತರವೂ ಸಿಗುತ್ತದೆ, ಬೇರೆಯವರ ಚೀಲ ತಾಗುವುದೂ ತಪ್ಪುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು: ಯಕೃತ್ತಿನ ತೊಂದರೆಯಿಲ್ಲದ ವಯಸ್ಕರು 500 ಮಿಲಿಗ್ರಾಮಿನ ಒಂದು ಮಾತ್ರೆ ತೆಗೆದುಕೊಂಡು, ಮುಂದಿನದಕ್ಕೆ ಕನಿಷ್ಠ ಆರು ಗಂಟೆ ಕಾಯಬಹುದು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಇಲ್ಲಿ ಬೇಡ.

ಉಗುರು ಕಪ್ಪಾಗಿ, ನೋವು ತಡೆಯುವಷ್ಟಿದ್ದರೆ ಅದರ ಪಾಡಿಗೆ ಬಿಡಿ. ತಡೆಯಲಾರದಷ್ಟಿದ್ದರೆ ವೈದ್ಯರು ಉಗುರಿನಲ್ಲಿ ಸಣ್ಣ ತೂತು ಮಾಡಿ ರಕ್ತವನ್ನು ಹೊರಬಿಡುತ್ತಾರೆ. ಆ ಕ್ಷಣವೇ ಹಾಯೆನಿಸುತ್ತದೆ. ಆದರೆ ಇದಕ್ಕೆ ಮೊದಲ ಒಂದೆರಡು ದಿನಗಳೇ ತಕ್ಕ ಸಮಯ, ಆಮೇಲೆ ರಕ್ತ ಹೆಪ್ಪುಗಟ್ಟಿರುತ್ತದೆ. ಇದನ್ನೇ ಮನೆಯಲ್ಲಿ ಸೂಜಿ ಕಾಯಿಸಿ ಮಾಡಿಕೊಳ್ಳುವವರಿದ್ದಾರೆ. ಕೆಳಗಿನ ಎಲುಬು ಸೀಳಿದ್ದರೆ ಆ ತೂತೇ ಸೋಂಕಿಗೆ ಬಾಗಿಲಾಗುತ್ತದೆ ಎಂಬುದನ್ನು ಅವರು ನೆನೆಯುವುದಿಲ್ಲ. ಉಗುರಿನ ಅಡಿಯೆಲ್ಲ ಕಪ್ಪಾಗಿದ್ದರೆ, ಬೆರಳ ತುದಿ ಬಾಗದಿದ್ದರೆ ಅಥವಾ ಸೊಟ್ಟಗಾಗಿದ್ದರೆ, ಹಾಸು ಸೀಳಿದ್ದರೆ ಎಕ್ಸ್‌ರೇ ತೆಗೆಸದೆ ಇರಬಾರದು. ಅಡುಗೆ ಅನಿಲದ ಸಿಲಿಂಡರು ಕಾಲಿನ ಮೇಲೆ ಉರುಳಿದಾಗಲಂತೂ ಉಗುರಿಗಿಂತ ಎಲುಬಿನ ಚಿಂತೆಯೇ ಮುಖ್ಯ. ಮನೆಯ ಸಿಲಿಂಡರಿನಲ್ಲಿ ಅನಿಲವೊಂದೇ 14.2 ಕಿಲೋ ಇರುತ್ತದೆ.

ಉಗುರು ಅರ್ಧ ಎದ್ದಿದ್ದರೆ ಕೀಳಬೇಡಿ. ಬುಡದಲ್ಲಿ ಅಂಟಿಕೊಂಡಿರುವವರೆಗೂ ಅದು ಹಾಸಿಗೆ ಅತ್ಯುತ್ತಮ ಹೊದಿಕೆ. ಬಟ್ಟೆಗೆ, ಕೂದಲಿಗೆ ಸಿಕ್ಕಿಕೊಳ್ಳುವ ಸಡಿಲ ಅಂಚನ್ನು ಮಾತ್ರ ಶುಚಿಗೊಳಿಸಿದ ಉಗುರುಕತ್ತರಿಯಿಂದ ಕತ್ತರಿಸಿ, ಉಳಿದುದನ್ನು ಮೆಲ್ಲಗೆ ಮೊದಲಿನ ಜಾಗಕ್ಕೆ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ, ಅಂಟಿಕೊಳ್ಳದ ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಪಟ್ಟಿ ಕಟ್ಟಬೇಕು. ವ್ಯಾಸಲೀನ್ ಇಲ್ಲದ ಒಣ ಹತ್ತಿ ಹಾಸಿಗೇ ಅಂಟಿ, ಮರುದಿನ ಬಿಚ್ಚುವಾಗ ಜೀವ ತೆಗೆಯುತ್ತದೆ. ಹಾಗೆ ಅಂಟಿದರೆ ಎಳೆಯದೆ, ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಅದರಲ್ಲಿ ನೆನೆಸಿದರೆ ತಾನಾಗಿ ಬಿಡುತ್ತದೆ. ಪಟ್ಟಿಯನ್ನು ದಿನಕ್ಕೊಮ್ಮೆ, ಒದ್ದೆಯಾದರೆ ಆಗಲೇ ಬದಲಿಸಿ. ಅರಿಶಿನದ ಬಗ್ಗೆ ನನಗೆ ಗೌರವವಿದೆ, ಆದರೆ ಡಬ್ಬಿಯ ಅರಿಶಿನ ಕ್ರಿಮಿರಹಿತವಲ್ಲ. ಮೇಲಾಗಿ ಅದರ ಬಣ್ಣದಡಿ ಕೆಂಪೂ ಕೀವೂ ಕಾಣದೆ ಹೋಗುತ್ತವೆ. ಸುಣ್ಣ, ನೀರು ಬೆರೆಸದ ಡೆಟಾಲ್, ಸ್ಪಿರಿಟ್ ಮೂರೂ ಎಳೆಯ ಚರ್ಮವನ್ನು ಸುಡುತ್ತವೆ.

ಇಲ್ಲಿನ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಅದರ ಬೆನ್ನಿಗೇ ನಗರದಲ್ಲಿ ಇಲಿಜ್ವರ ಹರಡಿದ್ದನ್ನು ಆಗ ಇಲ್ಲಿದ್ದವರಾರೂ ಮರೆತಿರಲಾರರು. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಒಳಸೇರಲು ಎದ್ದ ಉಗುರಿನಷ್ಟು ಸಣ್ಣ ಬಿರುಕೂ ಸಾಕು. ಕಾಲುಗುರಿಗೆ ಗಾಯವಿರುವಾಗ ಹಿಂದಮಾತಾದಂಥ ತಗ್ಗು ಪ್ರದೇಶದಲ್ಲಿ ನಿಂತ ನೀರನ್ನು ದಾಟಲೇಬೇಕಾಗಿ ಬಂದರೆ, ಮನೆಗೆ ಬಂದೊಡನೆ ಸಾಬೂನಿನಿಂದ ತೊಳೆದು, ಒರೆಸಿ, 72 ಗಂಟೆಗಳೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಔಷಧದ ಬಗ್ಗೆ ಕೇಳಬೇಕು. ಅದನ್ನು ಅಂಗಡಿಯಿಂದ ತಾನೇ ತಂದು ನುಂಗುವುದು ಸರಿಯಲ್ಲ. ಗರ್ಭಿಣಿಯರಿಗೂ ಮಕ್ಕಳಿಗೂ ಕೊಡುವ ಔಷಧವೇ ಬೇರೆ. ಕೊಳೆಯಾದ ಗಾಯಕ್ಕೆ, ಹಿಂದಿನ ಧನುರ್ವಾತದ ಚುಚ್ಚುಮದ್ದು ಪಡೆದು ಐದು ವರ್ಷ ದಾಟಿದ್ದರೆ, ಅದನ್ನೂ ಹಾಕಿಸಿಕೊಳ್ಳಿ.

ಎರಡು ಮೂರು ದಿನಗಳ ಮೇಲೆ ಉಗುರಿನ ಅಂಚು ಕೆಂಪಾಗಿ ಉಬ್ಬಿದರೆ ಅದು ಉಗುರುಸುತ್ತು. ಹೋಟೆಲಿನ ಅಡುಗೆಮನೆಯಲ್ಲಿ ದಿನವಿಡೀ ನೀರಿನಲ್ಲಿ ಕೈಯಿಟ್ಟು ದುಡಿಯುವ ನಮ್ಮ ಕರಾವಳಿಯ ಹುಡುಗರಿಗೆ ಇದು ಹೊಸತಲ್ಲ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳು ತೂರಿಸುವುದಕ್ಕಿಂತ ದಿನಕ್ಕೆ ಮೂರು ಬಾರಿ ಹದಿನೈದು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು ಚೆನ್ನಾಗಿ ಒಣಗಿಸುವುದು ಲೇಸು. ಕೀವು ಕಟ್ಟಿದರೆ, ಜ್ವರ ಬಂದರೆ, ಕೆಂಪು ಗೆರೆ ಕೈಯ ಮೇಲಕ್ಕೆ ಏರಿದರೆ ಮನೆಯ ಮದ್ದು ಅಲ್ಲಿಗೇ ನಿಲ್ಲಬೇಕು. ಮಧುಮೇಹವಿರುವವರು ಕಾಲುಗುರಿನ ವಿಷಯದಲ್ಲಿ ಮೊದಲ ದಿನವೇ ವೈದ್ಯರ ಬಳಿಗೆ ಹೋಗುವುದು ಕ್ಷೇಮ, ಏಕೆಂದರೆ ಅವರಿಗೆ ನೋವು ಕಾಣಿಸದೆಯೇ ಗಾಯ ಹದಗೆಡಬಹುದು.

ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸದಾಗಲು ಆರು ತಿಂಗಳವರೆಗೆ ಬೇಕು. ಕಾಲ್ಬೆರಳಿನದು ಒಂದು ವರ್ಷ, ಒಂದೂವರೆ ವರ್ಷವೂ ಹಿಡಿಯುತ್ತದೆ. ನನ್ನ ಹಳೆಯ ಉಗುರು ಎರಡನೆಯ ತಿಂಗಳಲ್ಲಿ ಸ್ನಾನದ ಹೊತ್ತಿಗೆ ತಾನಾಗಿ ಕಳಚಿತು, ಅಡಿಯಲ್ಲಿ ಹೊಸದು ಅದಾಗಲೇ ಅರ್ಧ ಬಂದಿತ್ತು. ಉಗುರಿನೊಡನೆ ಕಪ್ಪು ಕಲೆಯೂ ತುದಿಯತ್ತ ಸರಿಯುತ್ತಿರಬೇಕು. ತಿಂಗಳುಗಳು ಕಳೆದರೂ ಕಲೆ ಇದ್ದಲ್ಲೇ ಇದ್ದರೆ, ಅಥವಾ ಪೆಟ್ಟೇ ಬೀಳದೆ ಕಪ್ಪು ಗೆರೆ ಮೂಡಿದ್ದರೆ, ಚರ್ಮವೈದ್ಯರಿಗೆ ತೋರಿಸಬೇಕು.