ಒಂದೇ ಕಾಲಂನಲ್ಲಿ ಅದೇ ಹೆಸರು ಮತ್ತೆ ಮತ್ತೆ ಬಂದರೆ: ಕೋಡ್‌ನಿಂದ ಬೇರ್ಪಡಿಸುವುದು ಹೀಗೆ

ಡೇಟಾ ಟೇಬಲ್ ಒಂದನ್ನು ಡೇಟಾಬೇಸ್‌ಗೆ ಏರಿಸುವಾಗ ‘ಡೂಪ್ಲಿಕೇಟ್ ಮೌಲ್ಯವಿದೆ’ ಎಂಬ ಎರರ್ ಬಂದರೆ, ಅನೇಕರು ಮಾಡುವ ಮೊದಲ ಕೆಲಸ, ಟೇಬಲ್‌ಗಳನ್ನು ನಿಭಾಯಿಸುವ ಪೈಥಾನ್ ಲೈಬ್ರರಿ ಪಾಂಡಾಸ್‌ನಲ್ಲಿ ಮರುಕಳಿಸಿದ ಸಾಲುಗಳನ್ನು ಅಳಿಸುವ ‘ಡ್ರಾಪ್ ಡೂಪ್ಲಿಕೇಟ್ಸ್’ಗೆ ಆ ಕಾಲಂ ಹೆಸರು ಕೊಟ್ಟು ಓಡಿಸುವುದು. ಸಾಲುಗಳನ್ನು ನೋಡದೆ ಹಾಗೆ ಮಾಡಬೇಡಿ. ಹೆಸರು ಒಂದೇ ಇದ್ದರೂ ಬೆಲೆ, ಬಣ್ಣ, ದಿನಾಂಕ ಬೇರೆಯಾಗಿದ್ದರೆ ಅವು ಬೇರೆ ಬೇರೆ ದಾಖಲೆಗಳು. ಅಳಿಸಿದರೆ ನಿಜವಾದ ಮಾಹಿತಿಯೇ ಹೋಗುತ್ತದೆ. ಅಂಥ ಸಾಲುಗಳನ್ನು ಉಳಿಸಿಕೊಂಡು ಹೆಸರನ್ನಷ್ಟೇ ಬೇರೆ ಮಾಡಬೇಕು.

ಮೊದಲು ಕಣ್ಣಾರೆ ನೋಡಿ

ಪಾಂಡಾಸ್‌ನಲ್ಲಿ ‘ಡೂಪ್ಲಿಕೇಟೆಡ್’ ಎಂಬ ಫಂಕ್ಷನ್ ಇದೆ. ಸುಮ್ಮನೆ ಓಡಿಸಿದರೆ ಅದು ಮೊದಲ ಪ್ರತಿಯನ್ನು ಬಿಟ್ಟು ಉಳಿದವನ್ನು ಮಾತ್ರ ಗುರುತಿಸುತ್ತದೆ. ಅದರ ‘ಕೀಪ್’ ಎಂಬ ಆಯ್ಕೆಗೆ ‘ಫಾಲ್ಸ್’ ಕೊಡಿ. ಆಗ ಎಲ್ಲ ಪ್ರತಿಗಳೂ ಸಿಗುತ್ತವೆ. ಅದೇ ಕಾಲಂ ಮೇಲೆ ಸಾರ್ಟ್ ಮಾಡಿದರೆ ಒಂದರ ಕೆಳಗೊಂದು ಬಂದು ಹೋಲಿಸಲು ಸುಲಭ.

ಎಣಿಸುವ ಮುಂಚೆ ಶುಚಿ ಮಾಡಿ

ಹಿಂದೆ ಮುಂದೆ ಸೇರಿಕೊಂಡ ಖಾಲಿ ಜಾಗವನ್ನು ‘ಸ್ಟ್ರಿಪ್’ ತೆಗೆಯುತ್ತದೆ, ಅಷ್ಟು ಎಲ್ಲರಿಗೂ ಗೊತ್ತು. ಕನ್ನಡದ ಡೇಟಾದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ‘ಕೊಡೆ’ ಎಂಬ ಪದದ ‘ಕೊ’, ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಗುರುತಿಸುವ ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಇರಬಹುದು: ‘ಕ’ದ ಮುಂದೆ ಒಕಾರದ ಒಂದೇ ಚಿಹ್ನೆ, ಇಲ್ಲವೇ ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಕೋಡ್‌ಗೆ ಮಾತ್ರ ಅವು ಎರಡು ಬೇರೆ ಪದಗಳು. ಹೀಗಾಗಿ ನಿಜವಾದ ಡೂಪ್ಲಿಕೇಟ್‌ಗಳೇ ಎಣಿಕೆಯಿಂದ ತಪ್ಪಿಸಿಕೊಳ್ಳುತ್ತವೆ. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿರುವ ‘ನಾರ್ಮಲೈಸ್’ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ (ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪ) ಎಂದು ಕೊಟ್ಟರೆ ಎರಡೂ ಒಂದಾಗುತ್ತವೆ. ಅಕ್ಷರಗಳ ನಡುವೆ ಅಡಗಿರುವ ಶೂನ್ಯ ಅಗಲದ, ಅಂದರೆ ಕಣ್ಣಿಗೆ ಕಾಣದ ಚಿಹ್ನೆಗಳು ಇದರಿಂದ ಹೋಗುವುದಿಲ್ಲ. ಆದರೆ ಅವನ್ನು ಕಿತ್ತರೆ ಕೆಲವು ಪದಗಳ ರೂಪವೇ ಕೆಡುತ್ತದೆ. ಹಾಗಾಗಿ ಹೋಲಿಕೆಗೆಂದೇ ಒಂದು ಪ್ರತ್ಯೇಕ ಕಾಲಂ ಮಾಡಿ, ಅಲ್ಲಿ ಮಾತ್ರ ತೆಗೆಯಿರಿ.

ಸಂಖ್ಯೆ ಸೇರಿಸುವುದು

ಮೂಲ ಕಾಲಂಗೆ ಕೈ ಹಚ್ಚದೆ ಪಕ್ಕದಲ್ಲಿ ಹೊಸ ಕಾಲಂ ಮಾಡಿಕೊಳ್ಳಿ. ‘ಗ್ರೂಪ್‌ಬೈ’ಗೆ ಕಾಲಂ ಹೆಸರು ಕೊಟ್ಟು, ಅದರ ಮೇಲೆ ‘ಕ್ಯೂಮ್‌ಕೌಂಟ್’ ಕರೆದರೆ ಪ್ರತಿ ಮೌಲ್ಯ ಎಷ್ಟನೇ ಸಲ ಬಂದಿದೆ ಎಂಬುದು ಸಿಗುತ್ತದೆ. ಎಣಿಕೆ ಶುರುವಾಗುವುದು 0ಯಿಂದ. 0 ಇರುವಲ್ಲಿ ಹೆಸರನ್ನು ಹಾಗೇ ಬಿಟ್ಟು, ಉಳಿದೆಡೆ ಒಂದು ಕೂಡಿಸಿ ‘_2’, ‘_3’ ಎಂದು ಅಂಟಿಸಿದರಾಯಿತು.

ಹೆಚ್ಚಿನ ಪಾಠಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಈ ಐದು ಸಾಲುಗಳನ್ನು ನೋಡಿ:

ಪೆನ್ನು, ಪುಸ್ತಕ, ಪೆನ್ನು, ಪೆನ್ನು_2, ಪೆನ್ನು

ಮೂರನೇ ಸಾಲಿನ ‘ಪೆನ್ನು’ ಈಗ ‘ಪೆನ್ನು_2’ ಆಗುತ್ತದೆ. ನಾಲ್ಕನೇ ಸಾಲಿನಲ್ಲಿ ಅದೇ ಹೆಸರು ಮೊದಲೇ ಇದೆ! ಒಂದು ಡೂಪ್ಲಿಕೇಟ್ ತೆಗೆಯಲು ಹೋಗಿ ಇನ್ನೊಂದನ್ನು ಸೃಷ್ಟಿಸಿದಂತಾಯಿತು. ಇದನ್ನು ತಡೆಯಲು ಪುಟ್ಟ ಲೂಪ್ ಬೇಕು:

1. ಕಾಲಂನ ಎಲ್ಲ ಮೂಲ ಮೌಲ್ಯಗಳನ್ನು ‘ಬಳಕೆಯಲ್ಲಿರುವವು’ ಎಂಬ ಸೆಟ್‌ಗೆ (ಒಂದು ಮೌಲ್ಯ ಒಮ್ಮೆ ಮಾತ್ರ ಇರುವ ಪಟ್ಟಿ) ಹಾಕಿ. ‘ಕಂಡವು’ ಎಂಬ ಇನ್ನೊಂದು ಸೆಟ್ ಖಾಲಿ ಇರಲಿ.
2. ಸಾಲುಗಳನ್ನು ಮೇಲಿನಿಂದ ಒಂದೊಂದಾಗಿ ಓದಿ. ಮೌಲ್ಯ ‘ಕಂಡವು’ ಸೆಟ್‌ನಲ್ಲಿ ಇಲ್ಲದಿದ್ದರೆ ಅಲ್ಲಿ ಸೇರಿಸಿ, ಹೆಸರನ್ನು ಹಾಗೇ ಬಿಡಿ.
3. ಇದ್ದರೆ ‘_2’ ಅಂಟಿಸಿ ನೋಡಿ. ಆ ಹೊಸ ಹೆಸರು ‘ಬಳಕೆಯಲ್ಲಿರುವವು’ ಸೆಟ್‌ನಲ್ಲಿ ಇರುವಷ್ಟು ಹೊತ್ತೂ ಸಂಖ್ಯೆಯನ್ನು ಒಂದೊಂದೇ ಏರಿಸಿ. ಸಿಕ್ಕ ಹೆಸರನ್ನು ಆ ಸೆಟ್‌ಗೂ ಸೇರಿಸಿ.

ಈಗ ಉತ್ತರ: ಪೆನ್ನು, ಪುಸ್ತಕ, ಪೆನ್ನು_3, ಪೆನ್ನು_2, ಪೆನ್ನು_4. ಮೊದಲೇ ಇದ್ದ ‘ಪೆನ್ನು_2’ ಕದಲಲಿಲ್ಲ, ಮುಖ್ಯವಾದದ್ದು ಅದೇ. ಆರ್ ಭಾಷೆ ಬಳಸುವವರಿಗೆ ಈ ಶ್ರಮವಿಲ್ಲ. ಅಲ್ಲಿನ ‘ಮೇಕ್ ಯುನೀಕ್’ ಫಂಕ್ಷನ್ ಇಂಥ ಘರ್ಷಣೆಯನ್ನು ತಾನೇ ತಪ್ಪಿಸುತ್ತದೆ.

ಸಂಖ್ಯೆಗಿಂತ ಅರ್ಥವಿರುವ ಗುರುತು ಸಿಕ್ಕರೆ ಅದನ್ನೇ ಬಳಸಿ ಎಂಬುದು ನನ್ನ ಸಲಹೆ. ಪಕ್ಕದಲ್ಲಿ ಬಣ್ಣದ ಕಾಲಂ ಇದ್ದರೆ ‘ಪೆನ್ನು_ನೀಲಿ’ ಎಂಬುದು ‘ಪೆನ್ನು_3’ಕ್ಕಿಂತ ಎಷ್ಟೋ ಮೇಲು. ಇನ್ನೊಂದು ಟೇಬಲ್ ಇದೇ ಹೆಸರಿನ ಮೂಲಕ ಜೋಡಣೆಯಾಗಿದ್ದರಂತೂ ಅವಸರ ಬೇಡ. ಹೆಸರು ಬದಲಾದ ಮೇಲೆ ಅಲ್ಲಿನ ‘ಪೆನ್ನು’ಗಳೆಲ್ಲ ಮೊದಲ ಸಾಲಿಗೇ ಹೋಗಿ ಸೇರುತ್ತವೆ, ಯಾವ ಎರರೂ ಬರುವುದಿಲ್ಲ.

ಎಸ್‌ಕ್ಯೂಎಲ್‌ನಲ್ಲಿ

ಡೇಟಾಬೇಸ್‌ನ ಪ್ರಶ್ನಾಭಾಷೆಯಾದ ಇದರಲ್ಲಿ ಸಾಲುಗಳಿಗೆ ಸಂಖ್ಯೆ ಕೊಡುವ ‘ರೋ ನಂಬರ್’ ಫಂಕ್ಷನ್‌ಗೆ, ಗುಂಪು ಮಾಡುವ ‘ಪಾರ್ಟಿಷನ್ ಬೈ’ಯಲ್ಲಿ ಆ ಕಾಲಂ ಕೊಡಿ. ಕ್ರಮ ಹೇಳುವ ‘ಆರ್ಡರ್ ಬೈ’ಯಲ್ಲಿ ಪ್ರೈಮರಿ ಕೀ (ಪ್ರತಿ ಸಾಲಿಗೂ ಬೇರೆಯಾಗಿರುವ ಗುರುತು) ಇರಲೇಬೇಕು. ಕ್ರಮ ಖಚಿತವಾಗಿಲ್ಲದಿದ್ದರೆ ಇವತ್ತು 2 ಸಿಕ್ಕ ಸಾಲಿಗೆ ನಾಳೆ 3 ಸಿಗಬಹುದು. ಇಲ್ಲಿಯೂ ಘರ್ಷಣೆಯ ಅಪಾಯ ಇದ್ದೇ ಇದೆ.

ಪರೀಕ್ಷೆ

ಪಾಂಡಾಸ್‌ನಲ್ಲಿ, ಮೌಲ್ಯಗಳೆಲ್ಲ ಬೇರೆ ಬೇರೆಯೇ ಎಂದು ನೋಡುವ ‘ಈಸ್ ಯುನೀಕ್’ ನಿಜ ಎನ್ನಬೇಕು. ಬೇರೆ ಬೇರೆ ಮೌಲ್ಯಗಳು ಎಷ್ಟೆಂದು ಹೇಳುವ ‘ಎನ್‌ಯುನೀಕ್’ ಎಣಿಕೆಯೊಂದನ್ನೇ ನಂಬಬೇಡಿ, ಅದು ಖಾಲಿ ಮೌಲ್ಯಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲಿಷ್ ಹೆಸರುಗಳಿದ್ದರೆ ಇನ್ನೊಂದು ಎಚ್ಚರ: ದೊಡ್ಡಕ್ಷರ, ಸಣ್ಣಕ್ಷರದ ಬರಹಗಳನ್ನು ಪಾಂಡಾಸ್ ಬೇರೆ ಬೇರೆ ಎನ್ನುತ್ತದೆ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತನ್ನ ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಒಂದೇ ಎನ್ನುತ್ತದೆ.

ಕೊನೆಗೆ ಡೇಟಾಬೇಸ್‌ನಲ್ಲಿ ಆ ಕಾಲಂಗೆ ‘ಯುನೀಕ್’ ನಿರ್ಬಂಧ ಹಾಕಿ. ಖಾಲಿ ಮೌಲ್ಯದ ವಿಷಯದಲ್ಲಿ ಎಲ್ಲ ಡೇಟಾಬೇಸ್‌ಗಳೂ ಒಂದೇ ರೀತಿ ನಡೆಯುವುದಿಲ್ಲ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಸಾಮಾನ್ಯವಾಗಿ ಎಷ್ಟು ‘ನಲ್’ (ಖಾಲಿ ಮೌಲ್ಯ) ಬಂದರೂ ಒಪ್ಪುತ್ತದೆ, ಎಸ್‌ಕ್ಯೂಎಲ್ ಸರ್ವರ್ ಒಂದಕ್ಕೆ ಮಾತ್ರ ಅವಕಾಶ ಕೊಡುತ್ತದೆ. ಖಾಲಿಯೇ ಇರಬಾರದೆಂದಿದ್ದರೆ ‘ನಾಟ್ ನಲ್’ ಅನ್ನೂ ಜೊತೆಗೆ ಹಾಕಿ.