ಪವರ್ ಇಂಜೆಕ್ಷನ್ ಅಂತ ಕೇಳ್ಕೊಂಡು ಬರೋರಿಗೆ: ಕೀಮೋ ಡೇ ಕೇರ್‌ನಲ್ಲಿ ನನ್ನ ಅನುಭವ

ನಾನು ಮೈಸೂರಲ್ಲಿ ಒಂದು ಆಸ್ಪತ್ರೆಯ ಕೀಮೋ ಡೇ ಕೇರ್‌ನಲ್ಲಿ ಸ್ಟಾಫ್ ನರ್ಸ್. ಬೆಳಗ್ಗೆ ಬಂದವರಿಗೆ ಡ್ರಿಪ್ ಹಾಕಿ ಸಂಜೆ ಮನೆಗೆ ಕಳಿಸೋ ವಾರ್ಡು ಇದು. ಕೀಮೋ ಬಗ್ಗೆ ಜನಕ್ಕೆ ಈಗ ಸುಮಾರಾಗಿ ಗೊತ್ತಿದೆ, ಕೂದಲು ಉದುರುತ್ತೆ ವಾಂತಿ ಬರುತ್ತೆ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೇ ಬರ್ತಾರೆ. ಆದ್ರೆ ರಿಟುಕ್ಸಿಮಾಬ್, ಟ್ರಾಸ್ಟುಜುಮಾಬ್, ನಿವೊಲುಮಾಬ್, ಫಿಲ್‌ಗ್ರಾಸ್ಟಿಮ್ ಇವೆಲ್ಲ ಬಂತು ಅಂದ್ರೆ ಎಲ್ಲಾ ಸೇರಿ ಒಂದೇ ಹೆಸರು, ಪವರ್ ಇಂಜೆಕ್ಷನ್. ಸ್ವಲ್ಪ ಓದಿದೋರು ಇಮ್ಯುನಿಟಿ ಇಂಜೆಕ್ಷನ್ ಅಂತಾರೆ. ಎರಡರಲ್ಲೂ ಇರೋ ಅರ್ಥ ಒಂದೇ, ಇದು ಟಾನಿಕ್ ಥರ, ಶಕ್ತಿ ಕೊಡುತ್ತೆ, ತೊಂದರೆ ಏನೂ ಇರಲ್ಲ ಅಂತ.

ತೊಂದರೆ ಇರುತ್ತೆ. ಒಂದರಲ್ಲಿ ಡ್ರಿಪ್ ಶುರುವಾದ ಅರ್ಧ ಗಂಟೆಗೇ ಬರುತ್ತೆ, ಇನ್ನೊಂದರಲ್ಲಿ ಊರಿಗೆ ಹೋಗೋ ಬಸ್ಸಲ್ಲೇ ಔಷಧಿ ಕೆಟ್ಟಿರುತ್ತೆ, ಮತ್ತೊಂದರಲ್ಲಿ ಎಲ್ಲಾ ಮುಗೀತಪ್ಪ ಅಂತ ಮನೇಲಿ ಆರಾಮಾಗಿ ಕೂತಾಗ ತಿಂಗಳುಗಟ್ಟಲೆ ಬಿಟ್ಟು ಬರುತ್ತೆ. ಯಾವ ಔಷಧಿಯನ್ನ ಯಾವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು ಅನ್ನೋದೇ ನಮ್ಮ ಕೆಲಸದಲ್ಲಿ ಮುಖ್ಯ. ನಾನು ಹೇಗೆ ಮಾಡ್ತೀನಿ ಅಂತ ಬರೀತಿದೀನಿ, ಡೋಸು ಗೀಸು ಎಲ್ಲಾ ನಿಮ್ಮ ಡಾಕ್ಟರ್ ಹೇಳಿದ್ದೇ ಫೈನಲ್.

ಮೊದಲು ರಿಟುಕ್ಸಿಮಾಬ್. ಇದು 1997ರಲ್ಲಿ ಅಮೆರಿಕದಲ್ಲಿ ಪರ್ಮಿಷನ್ ಸಿಕ್ಕಿದ ಔಷಧಿ, ರಕ್ತದಲ್ಲಿರೋ ಒಂದು ಜಾತಿ ಬಿಳಿ ರಕ್ತಕಣ, ಅಂದ್ರೆ ಬಿ ಸೆಲ್‌ಗಳ ಮೈಮೇಲೆ ಸಿಡಿ20 ಅಂತ ಒಂದು ಗುರುತು ಇರುತ್ತೆ, ಅದನ್ನ ಹುಡುಕಿ ಹೋಗಿ ಅಂಟ್ಕೊಳ್ಳುತ್ತೆ, ಆಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಬಂದು ಆ ಸೆಲ್‌ನ ಮುಗಿಸುತ್ತೆ. ಲಿಂಫೋಮಾದವರಿಗೆ, ಅಂದ್ರೆ ಇಂಥ ಬಿಳಿ ರಕ್ತಕಣಗಳಲ್ಲೇ ಕ್ಯಾನ್ಸರ್ ಬಂದವರಿಗೆ ಕೊಡೋದು ಜಾಸ್ತಿ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲಿ ಇದರ ಇಂಡಿಯನ್ ರೂಪ ತಂದ್ಮೇಲೆ ನಮ್ಮಂಥ ಊರುಗಳ ವಾರ್ಡಿಗೂ ಇದು ಬರೋ ಹಾಗಾಯ್ತು.

ಮೊದಲ ಸಲ ರಿಟುಕ್ಸಿಮಾಬ್ ಇದೆ ಅಂದ್ರೆ ನಾನು ಆ ಪೇಷಂಟಿಗೆ ನನ್ನ ಟೇಬಲ್ ಎದುರಿಗಿರೋ ಮಂಚಾನೇ ಕೊಡೋದು. ಫೈಲಲ್ಲಿ ಹೆಪಟೈಟಿಸ್ ಬಿ ರಿಪೋರ್ಟ್ ಇದೆಯಾ ಅಂತ ಮೊದಲು ನೋಡ್ತೀನಿ, ಇಲ್ಲ ಅಂದ್ರೆ ವಯಲ್, ಅಂದ್ರೆ ಔಷಧಿಯ ಚಿಕ್ಕ ಬಾಟ್ಲಿ, ಫ್ರಿಜ್ಜಿಂದ ಆಚೆ ಬರಲ್ಲ. ಯಾಕಂದ್ರೆ ಯಾವಾಗ್ಲೋ ಬಂದು ಹೋಗಿ ಲಿವರಲ್ಲಿ ಸುಮ್ನೆ ಮಲಗಿರೋ ವೈರಸ್ಸು, ಬಿ ಸೆಲ್‌ಗಳು ಇಲ್ಲದೇ ಇರೋದನ್ನ ನೋಡ್ಕೊಂಡು ಎದ್ದು ಬಿಡಬಹುದು. ಆಮೇಲೆ ಬಿಪಿ ಮಾತ್ರೆ ಬೆಳಗ್ಗೆ ತಗೊಂಡ್ರಾ ಅಂತ ಕೇಳ್ತೀನಿ. ಡ್ರಿಪ್ ಹೋಗುವಾಗ ಬಿಪಿ ಬೀಳಬಹುದು, ಅದಕ್ಕೇ ಹಿಂದಿನ 12 ಗಂಟೆ ಬಿಪಿ ಮಾತ್ರೆ ನಿಲ್ಲಿಸ್ಬೇಕಾ ಅಂತ ಡಾಕ್ಟರ್ ಮೊದಲೇ ಹೇಳಿರ್ತಾರೆ, ಆದ್ರೆ ಅಭ್ಯಾಸಬಲ, ತಿಂಡಿ ಆದ ತಕ್ಷಣ ಕೈ ಡಬ್ಬಿಗೆ ಹೋಗಿರುತ್ತೆ. ಗದರಿದ್ರೆ ಮುಂದಿನ ಸಲ ಸುಳ್ಳು ಹೇಳ್ತಾರೆ, ಹಾಗಾಗಿ ನಗ್ತಾನೇ ಕೇಳೋದು.

ವಯಲ್ ಅಲ್ಲಾಡಿಸಲ್ಲ. ಇದು ಪ್ರೋಟೀನು, ಜೋರಾಗಿ ಕುಲುಕಿದ್ರೆ ನೊರೆ ಬಂದು ಗಂಟು ಕಟ್ಟುತ್ತೆ. ಬೆಳಕಿಗೆ ಹಿಡಿದು ನೋಡಿ, ಚೂರು ಪಾರು ಏನೂ ತೇಲ್ತಿಲ್ಲ ಅಂತ ಗ್ಯಾರಂಟಿ ಮಾಡ್ಕೊಂಡು, ಸಲೈನ್ ಬ್ಯಾಗಿಗೆ ಮೆಲ್ಲಗೆ ಬಿಟ್ಟು, ಬ್ಯಾಗನ್ನ ಒಂದೆರಡು ಸಲ ಮೇಲೆ ಕೆಳಗೆ ಮಾಡಿದ್ರೆ ಸಾಕು. ಅರ್ಧ ಗಂಟೆ ಮುಂಚೆ ಪ್ಯಾರಾಸಿಟಮಾಲ್, ಅಲರ್ಜಿಗೆ ಕೊಡೋ ಏವಿಲ್, ಡಾಕ್ಟರ್ ಬರೆದಿದ್ರೆ ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಹೋಗಿರ್ಬೇಕು. ಆಮೇಲೆ ಪಂಪಲ್ಲಿ ಗಂಟೆಗೆ 50 ಮಿಲಿಗ್ರಾಂ ಲೆಕ್ಕದಲ್ಲಿ ಶುರು. ಅರ್ಧ ಗಂಟೆ ಏನೂ ಆಗ್ಲಿಲ್ವಾ, 100. ಇನ್ನರ್ಧ ಗಂಟೆ, 150. ಹೀಗೆ ಹತ್ತಿಸ್ತಾ ಹೋಗಿ 400 ಮುಟ್ಟಬಹುದು, ಅದರ ಮೇಲೆ ಇಲ್ಲ. 600 ಮಿಲಿಗ್ರಾಂ ಇದ್ರೆ ಎಲ್ಲಾ ಸುಸೂತ್ರ ಆದ್ರೂ ಮೂರು ಗಂಟೆ ದಾಟುತ್ತೆ. "ಮೇಡಂ ಸ್ವಲ್ಪ ಫಾಸ್ಟಾಗಿ ಬಿಡಿ, ನಾಲ್ಕೂವರೆ ಬಸ್ಸಿದೆ" ಅಂತ ಕೇಳೋರು ದಿನಾ ಇರ್ತಾರೆ, ಬಸ್ಸು ಹೋದ್ರೆ ಇನ್ನೊಂದು ಬರುತ್ತೆ ಬಿಡಿ.

ನಂಜನಗೂಡು ಕಡೆಯ ಒಬ್ಬ ಯಜಮಾನರು, ಕುತ್ತಿಗೆ, ಕಂಕುಳಲ್ಲೆಲ್ಲ ದೊಡ್ಡ ದೊಡ್ಡ ಗಡ್ಡೆ ಇದ್ದೋರು. ಗಡ್ಡೆ ಜಾಸ್ತಿ ಇದ್ದಷ್ಟೂ ಮೊದಲ ಡ್ರಿಪ್ಪಲ್ಲಿ ನಮಗೆ ಎಚ್ಚರ ಜಾಸ್ತಿ, ಯಾಕಂದ್ರೆ ಒಂದೇ ಸಲ ರಾಶಿ ಸೆಲ್ ಒಡೆದು ಅದರೊಳಗಿನ ರಾಸಾಯನಿಕ ಎಲ್ಲಾ ರಕ್ತಕ್ಕೆ ಬರುತ್ತೆ. ಸ್ಪೀಡು 100ಕ್ಕೆ ಹಾಕಿ ಹತ್ತು ನಿಮಿಷ ಆಗಿರ್ಬೇಕು, ಮೂಗು ಉಜ್ಕೊಂಡ್ರು. ಆಮೇಲೆ ಗಂಟಲು ಸರಿ ಮಾಡ್ಕೊಂಡ್ರು. ಏನಾಗ್ತಿದೆ ಅಂದ್ರೆ "ಏನೂ ಇಲ್ಲ ಕಣವ್ವ, ಗಂಟ್ಲಲ್ಲಿ ಏನೋ ಕೆರೆದಂಗೆ ಆಯ್ತದೆ, ವಸಿ ಚಳಿ, ಆ ಫ್ಯಾನ್ ಆರ್ಸು" ಅಂದ್ರು. ಫ್ಯಾನ್ ಹಾಕೇ ಇರ್ಲಿಲ್ಲ. ನಾನು ಪಂಪ್ ಸ್ಟಾಪ್ ಒತ್ತಿ ತಿರುಗೋ ಹೊತ್ತಿಗೆ ನಡುಕ ಶುರುವಾಯ್ತು, ಹಲ್ಲು ಕಟಕಟ ಅಂತಿದೆ, ಮಂಚದ ಸೈಡ್ ರೈಲು ಕೂಡ ಅದುರ್ತಿದೆ, ಹೆಂಡತಿ ಪಾಪ ಕಂಬಳಿ ಮೇಲೆ ಕಂಬಳಿ ಹಾಕಿ ಅವರ ಮೇಲೆ ಒರಗಿ ಹಿಡ್ಕೊಂಡಿದಾರೆ. ಆ ಟೈಮಲ್ಲಿ ಹೊಸಬರು ಮಾಡೋದೇನಂದ್ರೆ ಅದೇ ಲೈನಿಗೆ ಸಲೈನ್ ಜೋಡಿಸಿ ಜೋರಾಗಿ ಬಿಡೋದು. ಹಾಗೆ ಮಾಡಿದ್ರೆ ಟ್ಯೂಬಲ್ಲಿ ಉಳಿದಿರೋ ರಿಟುಕ್ಸಿಮಾಬ್ ಪೂರ್ತಿ ಒಂದೇ ಸಲ ಒಳಗೆ ಹೋಗುತ್ತೆ. ಹೊಸ ಸೆಟ್ ಹಾಕಿ ಸಲೈನ್ ಕೊಡ್ಬೇಕು. ಡಾಕ್ಟರ್ ಬಂದ್ರು, ಹೈಡ್ರೋಕಾರ್ಟಿಸೋನ್ ಇನ್ನೊಂದು ಡೋಸ್, ಏವಿಲ್, ಆಕ್ಸಿಜನ್, ನಡುಕಕ್ಕೆ ಅಂತ ಚೂರೇ ಚೂರು ಪೆಥಿಡಿನ್. ನಡುಕ ನಿಂತ್ಮೇಲೆ ಬೆವರು ಬಂದು ನಿದ್ದೆ ಹೋದ್ರು. ಬಿಪಿ, ಉಸಿರು ಎಲ್ಲಾ ಸರಿ ಇದೆ ಅಂತ ಆದ್ಮೇಲೆ ಅರ್ಧ ಸ್ಪೀಡಲ್ಲಿ, ಅಂದ್ರೆ 50ರಲ್ಲಿ ಮತ್ತೆ ಶುರು ಮಾಡಿದ್ವಿ, ಮುಗಿಯೋವಾಗ ಕತ್ತಲಾಗಿತ್ತು. ಇಷ್ಟೆಲ್ಲ ಆದ್ಮೇಲೆ ಆ ಮನೆಯವರು ಇನ್ನು ಈ ಔಷಧಿನೇ ಬೇಡ ಅಂತಾರೆ ಅಂದ್ಕೊಂಡಿದ್ದೆ, ಬಂದ್ರು. ಎರಡನೇ ಸಲ ನೇರ 100ರಿಂದ ಶುರು, ಅವರು ಮಧ್ಯಾಹ್ನದ ಊಟ ಮಾಡ್ಕೊಂಡು ಪೇಪರ್ ಓದ್ತಾ ಕೂತಿದ್ರು. ಹೆಚ್ಚಿನವರಿಗೆ ಮೊದಲ ಸಲವೇ ಜೋರು, ಆಮೇಲೆ ಒಡೆಯೋಕೆ ಅಷ್ಟು ಸೆಲ್ ಉಳಿದಿರಲ್ಲ.

ಟ್ರಾಸ್ಟುಜುಮಾಬ್ ಬಗ್ಗೆ ಜಾಸ್ತಿ ಎಳೆಯಲ್ಲ. ಹರ್2 ಪಾಸಿಟಿವ್, ಅಂದ್ರೆ ಸೆಲ್ ಮೇಲೆ ಹರ್2 ಅನ್ನೋ ಪ್ರೋಟೀನ್ ಜಾಸ್ತಿ ಇರೋ ಸ್ತನ ಕ್ಯಾನ್ಸರಿನವರಿಗೆ ಮೂರು ವಾರಕ್ಕೊಂದು ಸಲ, ಸಾಮಾನ್ಯವಾಗಿ ಒಂದು ವರ್ಷ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಅಂತ ತಂದಿದ್ದು ಇದೇ, ಅವರದೇ ಟ್ರಾಸ್ಟುಜುಮಾಬಿಗೆ 2017ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ತು. ಇದನ್ನ ಸಲೈನಲ್ಲೇ ಹಾಕ್ಬೇಕು, ಡೆಕ್ಸ್‌ಟ್ರೋಸಲ್ಲಿ ಹಾಕಿದ್ರೆ ಪ್ರೋಟೀನ್ ಗಂಟು ಕಟ್ಟುತ್ತೆ. ಹಾರ್ಟಿನ ಪಂಪಿಂಗ್ ಇಳಿಸಬಹುದು ಅಂತ ಸುಮಾರು ಮೂರು ತಿಂಗಳಿಗೊಂದು ಎಕೋ ಮಾಡಿಸ್ತಾರೆ, ಎಕೋ ರಿಪೋರ್ಟ್ ತರದೇ ಬಂದು ಸಿಸ್ಟರ್ ಇವತ್ತೊಂದಿನ ಹಾಕ್ಬಿಡಿ ಅಂದ್ರೆ ನಾನು ಹಾಕಲ್ಲ. ಇನ್ನೊಂದು ವಿಷಯ ಮನೆಯವರು ಕೇಳಲೇಬೇಕಾದ್ದು, 440 ಮಿಲಿಗ್ರಾಂ ವಯಲಲ್ಲಿ ಉಳಿದಿದ್ದು ಏನಾಯ್ತು ಅಂತ. 60 ಕೆಜಿ ಇರೋರಿಗೆ ಮೊದಲನೆಯದು ಬಿಟ್ಟು ಆಮೇಲಿನ ಡೋಸು 360, ಉಳಿಯೋದು 80. ಜೊತೆಗೆ ಬರೋ ವಿಶೇಷ ನೀರಲ್ಲೇ ಕಲಸಿದ್ರೆ ಫ್ರಿಜ್ಜಲ್ಲಿ 28 ದಿನ ಇಡಬಹುದು, ಮುಂದಿನ ಡೋಸ್ 21ನೇ ದಿನಕ್ಕೆ ಬರುತ್ತೆ, ಲೆಕ್ಕ ಸರಿಹೋಯ್ತು. ಹೆಸರು, ತಾರೀಕು, ಟೈಮು ಬರೆದು ಅಂಟಿಸಿ ಅವರ ಕಣ್ಣೆದುರೇ ಫ್ರಿಜ್ಜಿಗೆ ಇಡ್ತೀನಿ. ಸಾವಿರಾರು ರೂಪಾಯಿ ಮಾತು ಅದು. ಚಿಕ್ಕ 150ರ ವಯಲ್ಲು ಮಾತ್ರ ಒಂದೇ ಸಲಕ್ಕೆ, ಅದನ್ನ ಹೀಗೆ ಇಡಕ್ಕಾಗಲ್ಲ.

ಈಗ ನಿಜವಾಗ್ಲೂ ಏನಾದ್ರೂ ಹೆಚ್ಚಿಸೋ ಇಂಜೆಕ್ಷನ್ನು ಅಂದ್ರೆ ಫಿಲ್‌ಗ್ರಾಸ್ಟಿಮ್. ಕೀಮೋದಿಂದ ಬಿಳಿ ರಕ್ತಕಣ ಬೀಳುತ್ತೆ, ಇದು ಮೂಳೆಯೊಳಗಿನ ಮಜ್ಜೆಗೆ ಹೋಗಿ ಸೋಂಕಿನ ಜೊತೆ ಹೋರಾಡೋ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ ಬೇಗ ಬೇಗ ಮಾಡು ಅಂತ ಹೇಳುತ್ತೆ. ಕ್ಯಾನ್ಸರಿಗೆ ಔಷಧಿ ಅಲ್ಲ ಇದು, ಸುಸ್ತಿಗೂ ಅಲ್ಲ. ಕೀಮೋ ಮುಗಿದು 24 ಗಂಟೆ ಆಗದೇ ಕೊಡಬಾರದು, ಹೊಸದಾಗಿ ಹುಟ್ಟೋ ಕಣಗಳು ಕೀಮೋ ಬಾಯಿಗೇ ಬೀಳುತ್ತೆ. ದಿನಾ ಚುಚ್ಚೋದು ಬೇಡ ಅಂದ್ರೆ ಪೆಗ್‌ಫಿಲ್‌ಗ್ರಾಸ್ಟಿಮ್ 6 ಮಿಲಿಗ್ರಾಂ, ಕೀಮೋದ ಒಂದು ಸುತ್ತಿಗೆ ಒಂದೇ ಸಲ.

ಇಲ್ಲಿ ತೊಂದರೆ ದಾರೀಲಿ. ಕೀಮೋ ದಿನ ಔಷಧಿ ಕೊಟ್ಟು ಕಳಿಸ್ತೀವಿ, ಮಾರನೇ ದಿನ ಊರಲ್ಲೇ ಹಾಕಿಸ್ಕೊಳ್ಳಿ ಅಂತ. ಎಚ್.ಡಿ. ಕೋಟೆ ಕಡೆಗೆ ಹೋಗೋ ಬಸ್ಸಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಪ್ಲಾಸ್ಟಿಕ್ ಕವರ್ ಒಳಗೆ ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕಾದ ಔಷಧಿ! ಇನ್ನು ಕೆಲವರು ಅತಿ ಜೋಪಾನ, ಐಸ್ ತುಂಬಿದ ಫ್ಲಾಸ್ಕಲ್ಲಿ ನೇರವಾಗಿ ಮುಳುಗಿಸ್ತಾರೆ, ಮನೆಗೆ ಹೋಗಿ ಫ್ರೀಜರಲ್ಲಿ ಇಡ್ತಾರೆ. ಹೆಪ್ಪುಗಟ್ಟಿದ್ರೂ ಹಾಳೇ. ಹಾಗಾಗಿ ನಾನು ಔಷಧಿಯ ಡಬ್ಬಿನ ಹಳೇ ಪೇಪರಲ್ಲಿ ಸುತ್ತಿ, ಅದರ ಮೇಲೆ ಜೆಲ್ ಪ್ಯಾಕ್, ಅದರ ಮೇಲೆ ಟವಲ್ಲು, ಇಷ್ಟನ್ನ ನನ್ನ ಕೈಯಲ್ಲೇ ಕಟ್ಟಿ ಕೊಡ್ತೀನಿ, ಫ್ರಿಜ್ಜಲ್ಲಿ ಮಧ್ಯದ ತಟ್ಟೆ ಮೇಲಿಡಿ, ಬಾಗಿಲಲ್ಲಿ ಬೇಡ, ಮೇಲಿನ ಫ್ರೀಜರ್ ಅಂತೂ ಬೇಡವೇ ಬೇಡ ಅಂತ ಹೇಳಿ. ಮನೇಲಿ ಫ್ರಿಜ್ ಇಲ್ಲ ಅಂದ್ರೆ ಹತ್ತಿರದ ಪಿಎಚ್‌ಸಿಲಿ ಮೊದಲೇ ಮಾತಾಡಿ ಇಡಿಸೋದು. ಮಗಳೋ ಸೊಸೆನೋ ಧೈರ್ಯವಂತೆ ಇದ್ರೆ ಹೊಟ್ಟೆ ಚರ್ಮ ಹಿಡಿದು ಚುಚ್ಚೋದನ್ನ ಇಲ್ಲೇ ಕಲಿಸಿ ಕಳಿಸ್ತೀನಿ.

ಹಾಕಿದ ಮಾರನೇ ದಿನ ಸೊಂಟ, ಬೆನ್ನು, ಎದೆಮೂಳೆ ನೋಯುತ್ತೆ. ಕ್ಯಾನ್ಸರ್ ಮೂಳೆಗೆ ಇಳೀತು ಅಂತ ಅಳ್ತಾ ಫೋನ್ ಮಾಡಿದೋರು ಎಷ್ಟೋ ಜನ. ಮಜ್ಜೆ ಕೆಲಸ ಮಾಡೋ ನೋವು ಅದು, ಒಂದೆರಡು ದಿನದಲ್ಲಿ ಇಳಿಯುತ್ತೆ. ಆದ್ರೆ ಇಂಜೆಕ್ಷನ್ ಹಾಕ್ಸಿದೀವಲ್ಲ ಇನ್ನೇನು ಭಯ ಅಂತ ಜ್ವರಾನ ಬಿಟ್ಕೊಂಡು ಕೂರಬಾರದು. 100.4 ದಾಟಿತು ಅಂದ್ರೆ ರಾತ್ರಿ ಎರಡು ಗಂಟೆ ಆಗಿದ್ರೂ ಹೊರಡಿ, ಡೋಲೋ ನುಂಗಿ ಬೆಳಗ್ಗೆ ನೋಡೋಣ ಅಂತ ಮಲಗ್ಬೇಡಿ. ಮಾತ್ರೆ ಜ್ವರಾನ ಮುಚ್ಚುತ್ತೆ, ಒಳಗಿನ ಸೋಂಕು ಬೆಳಗಾಗೋದ್ರೊಳಗೆ ರಕ್ತಕ್ಕೆ ಹೋಗಿರುತ್ತೆ.

ಕೊನೆಗೆ ನಿವೊಲುಮಾಬ್, ಪೆಂಬ್ರೊಲಿಜುಮಾಬ್. ಇವು ಶಕ್ತಿ ಹೆಚ್ಚಿಸೋದಲ್ಲ, ಬ್ರೇಕ್ ತೆಗೆಯೋದು. ರೋಗದ ಜೊತೆ ಹೋರಾಡೋ ನಮ್ಮ ಟಿ ಸೆಲ್‌ಗಳು ನಮ್ಮ ಮೈಯನ್ನೇ ತಿನ್ನದೇ ಇರ್ಲಿ ಅಂತ ಪಿಡಿ-1 ಅನ್ನೋ ಬ್ರೇಕು ಹುಟ್ಟಿನಿಂದಲೇ ಇರುತ್ತೆ, ಕ್ಯಾನ್ಸರ್ ಆ ಬ್ರೇಕನ್ನ ತುಳಿದು ಬಚಾವಾಗುತ್ತೆ, ಔಷಧಿ ಹೋಗಿ ಅದನ್ನ ಬಿಡಿಸುತ್ತೆ. ಇಂಥ ಬ್ರೇಕುಗಳನ್ನ ಬಿಡಿಸಿ ಕ್ಯಾನ್ಸರಿಗೆ ಚಿಕಿತ್ಸೆ ಮಾಡೋದನ್ನ ಕಂಡುಹಿಡಿದ ಕೆಲಸಕ್ಕೇ 2018ರಲ್ಲಿ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಇಬ್ಬರಿಗೂ ನೊಬೆಲ್ ಬಂತು. ಬೆಲೆ ಮಾತ್ರ ಕೇಳಲೇಬೇಡಿ. ಮುಂಬೈನ ಟಾಟಾ ಮೆಮೋರಿಯಲ್‌ನವರು ಬಾಯಿ, ಗಂಟಲು ಕ್ಯಾನ್ಸರ್ ಮುಂದುವರಿದವರಿಗೆ ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟು ನೋಡಿದ್ರು, ಮಾಮೂಲಿ ಡೋಸ್ ಎರಡು ವಾರಕ್ಕೆ 240. ಬರೀ ಮಾತ್ರೆಗಳ ಚಿಕಿತ್ಸೆ ತಗೊಂಡ ಗುಂಪಲ್ಲಿ ವರ್ಷದ ಕೊನೆಗೆ ಬದುಕಿದ್ದೋರು ನೂರಕ್ಕೆ 16.3, ಅದೇ ಮಾತ್ರೆ ಜೊತೆ ಈ ಚಿಕ್ಕ ಡೋಸ್ ಸೇರಿಸಿದ ಗುಂಪಲ್ಲಿ 43.4. ಹೊಗೆಸೊಪ್ಪು, ಗುಟ್ಕಾದ ನಮ್ಮ ಕಡೆಗೆ ಇದಕ್ಕಿಂತ ದೊಡ್ಡ ಸುದ್ದಿ ಇತ್ತೀಚೆಗೆ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. 40ರ ಒಂದು ವಯಲಲ್ಲಿ ಇಬ್ಬರಿಗಾಗುತ್ತೆ, ಅಂಥ ಇಬ್ಬರನ್ನ ಒಂದೇ ದಿನಕ್ಕೆ ಕರೆಸೋದೂ ನಮ್ಮ ಡ್ಯೂಟಿನೇ.

ಹಾಕೋದು ಬಹಳ ಸುಲಭ. ಫಿಲ್ಟರ್ ಇರೋ ಸೆಟ್ಟು, ಅರ್ಧ ಗಂಟೆ, ಚಳಿ ಇಲ್ಲ ವಾಂತಿ ಇಲ್ಲ, ಕಾಫಿ ಕುಡಿದು ಹೋಗ್ತಾರೆ. ಅದಕ್ಕೇ ನನಗೆ ಇದರ ಮೇಲೇ ಅನುಮಾನ ಜಾಸ್ತಿ. ಬ್ರೇಕ್ ಬಿಟ್ಟ ಟಿ ಸೆಲ್ಲು ಕರುಳಿಗೋ ಶ್ವಾಸಕೋಶಕ್ಕೋ ಥೈರಾಯ್ಡಿಗೋ ಲಿವರಿಗೋ ಬೀಳಬಹುದು, ವಾರಕ್ಕೂ ಬರಬಹುದು, ಔಷಧಿ ನಿಲ್ಲಿಸಿ ತಿಂಗಳಾದ್ಮೇಲೂ ಬರಬಹುದು. ರಿಟೈರ್ಡ್ ಟೀಚರ್ ಒಬ್ರಿಗೆ ಭೇದಿ ಶುರುವಾಯ್ತು, ಮನೆ ಹತ್ತಿರದ ಕ್ಲಿನಿಕ್ಕಲ್ಲಿ ಹೊರಗಡೆ ಊಟದಿಂದ ಅಂತ ಆಂಟಿಬಯಾಟಿಕ್ಕು, ಭೇದಿ ನಿಲ್ಲೋ ಮಾತ್ರೆ ಕೊಟ್ರು. ಅವರು ಇಮ್ಯುನೋಥೆರಪಿ, ಅಂದ್ರೆ ಈ ಬ್ರೇಕ್ ತೆಗೆಯೋ ಔಷಧಿ ತಗೊಳ್ತಿರೋ ವಿಷಯ ಹೇಳೇ ಇರ್ಲಿಲ್ಲ, ಅದಕ್ಕೂ ಹೊಟ್ಟೆಗೂ ಏನ್ ಸಂಬಂಧ ಅಂತ. ನಮ್ಮಲ್ಲಿಗೆ ಬರೋ ಹೊತ್ತಿಗೆ ನಾಲಿಗೆ ಒಣಗಿ ನಿಲ್ಲಕ್ಕೂ ಆಗ್ತಿರ್ಲಿಲ್ಲ. ಸ್ಟೀರಾಯ್ಡ್ ಶುರು ಮಾಡಿದ್ಮೇಲೆ ಹಿಡಿತಕ್ಕೆ ಬಂತು, ಆಮೇಲೆ ಅದನ್ನ ಒಂದು ತಿಂಗಳಿಗೂ ಮೇಲೆ ಮೆಲ್ಲಮೆಲ್ಲಗೆ ಇಳಿಸಿದ್ರು, ಸರಿ ಹೋಯ್ತಲ್ಲ ಅಂತ ತಟ್ಟನೆ ಬಿಟ್ರೆ ತಿರುಗಿ ಬರುತ್ತೆ.

ಈಗ ನಾನು ಎಲ್ಲರಿಗೂ ಒಂದು ಕಾರ್ಡ್ ಕೊಡ್ತೀನಿ, ಔಷಧಿ ಹೆಸರು, ಶುರುವಾದ ತಾರೀಕು, ವಾರ್ಡಿನ ನಂಬರು. ಪರ್ಸಲ್ಲಿ ಆಧಾರ್ ಜೊತೆ ಇರ್ಲಿ, ಹಲ್ಲಿನ ಡಾಕ್ಟರಿಗೂ ತೋರ್ಸಿ ಅಂತೀನಿ. ಫೋನ್ ಬಂದಾಗ ಭೇದಿ ಆಗ್ತಿದೆಯಾ ಅಂತ ಕೇಳಲ್ಲ, ನಾಚಿಕೆಗೆ ಇಲ್ಲ ಅಂತಾರೆ. ಮಾಮೂಲಿ ಎಷ್ಟು ಸಲ ಹೋಗ್ತಿದ್ರಿ, ಈಗ ಎಷ್ಟು ಸಲ ಅಂತ ಕೇಳ್ತೀನಿ. ಮಾಮೂಲಿಗಿಂತ ನಾಲ್ಕು ಜಾಸ್ತಿ ಆದ್ರೆ ಅವತ್ತೇ ಡಾಕ್ಟರಿಗೆ ಹೇಳೋದು, ಏಳು ಅಂದ್ರೆ ಅಡ್ಮಿಟ್ ಆಗೋಕೆ ಬಟ್ಟೆ ತಗೊಂಡೇ ಬನ್ನಿ. ಹೊಸ ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಇದ್ರೂ ಅಷ್ಟೇ ಅರ್ಜೆಂಟು.

ಮತ್ತೆ ಕಷಾಯ. ಇಮ್ಯುನಿಟಿಗೆ ಅಂತ ಅಮೃತಬಳ್ಳಿ ಕುಡಿಯೋರು ಪ್ರತಿ ವಾರ ಸಿಗ್ತಾರೆ, ಔಷಧಿ ಲಿಸ್ಟ್ ಕೇಳಿದ್ರೆ ಅದನ್ನ ಹೇಳಲ್ಲ, ಅವರ ಲೆಕ್ಕದಲ್ಲಿ ಅದು ಔಷಧಿನೇ ಅಲ್ವಲ್ಲ. ಕೋವಿಡ್ ಟೈಮಲ್ಲಿ ಅದನ್ನ ಕುಡಿದು ಲಿವರ್ ಏಟು ತಿಂದವರ ಬಗ್ಗೆ ಮುಂಬೈ ಡಾಕ್ಟರುಗಳು ಬರೆದಿದ್ರು. ನಿವೊಲುಮಾಬ್ ಮೇಲಿರೋರಿಗೆ ಲಿವರ್ ಟೆಸ್ಟ್ ಏರಿದ್ರೆ ಔಷಧಿದಾ ಕಷಾಯದ್ದಾ ಅಂತ ಬಿಡಿಸೋದೇ ಕಷ್ಟ, ಆ ಗೊಂದಲದಲ್ಲಿ ಒಳ್ಳೇ ಕೆಲಸ ಮಾಡ್ತಿದ್ದ ಔಷಧಿನೇ ನಿಲ್ಲಿಸ್ಬೇಕಾಗಿ ಬರುತ್ತೆ. ಅದಕ್ಕೆ ನಾನು ಔಷಧಿ ಅಂತ ಕೇಳೋದೇ ಬಿಟ್ಟು, ಬೆಳಗ್ಗೆ ಎದ್ದು ಕಾಫಿಗೆ ಮುಂಚೆ ಏನ್ ಕುಡೀತೀರಾ ಅಜ್ಜಿ ಅಂತ ಕೇಳ್ತೀನಿ, ಬೇರು ಸೊಪ್ಪು ಪುಡಿ ಏನೇ ಹೇಳಿದ್ರೂ ಫೈಲಿನ ಮೊದಲ ಪುಟದಲ್ಲಿ ಕೆಂಪು ಇಂಕಲ್ಲಿ ಬರೆದು ಡಾಕ್ಟರ್ ರೌಂಡ್ಸಿಗೆ ಬಂದಾಗ ತೋರಿಸ್ತೀನಿ.