‘ಥ್ರಿಲ್’ ಕ್ರಿಯಾಪದ: ಪುಳಕ ಯಾರಿಗೆ, ಯಾವುದರಿಂದ?

ಕನ್ನಡದಲ್ಲಿ ‘ಥ್ರಿಲ್ಲಾದೆ’ ಎನ್ನುವುದು ರೂಢಿ. ಅದನ್ನೇ ಇಂಗ್ಲಿಷಿಗೆ ಇಳಿಸಿ ‘ಐ ಥ್ರಿಲ್ಡ್’ ಎಂದು ನಿಲ್ಲಿಸಿದರೆ, ಕೇಳುವವರು ‘ಯಾರನ್ನು?’ ಎಂದು ಕಾಯುತ್ತಾರೆ. ಇಂಗ್ಲಿಷಿನ ಥ್ರಿಲ್ ಇಂದಿನ ಬಳಕೆಯಲ್ಲಿ ಹೆಚ್ಚಾಗಿ ಸಕರ್ಮಕ. ಪುಳಕ ಹುಟ್ಟಿಸುವ ಸಂಗತಿ ಕರ್ತೃ, ಪುಳಕಗೊಳ್ಳುವವರು ಕರ್ಮ.

ಸರಿಯಾದ ರೂಪ ಹಿಡಿಯಲು ಕನ್ನಡದಲ್ಲೇ ಒಂದು ಒರೆಗಲ್ಲು ಇದೆ. ಮೊದಲು ವಾಕ್ಯವನ್ನು ‘ಗೊಳ್ಳು’ ಅಥವಾ ‘ಗೊಳಿಸು’ ಹಚ್ಚಿ ಹೇಳಿಕೊಳ್ಳಿ. ‘ಪುಳಕಗೊಂಡೆ’ ಎಂದು ಬಂದರೆ ‘ಐ ವಾಸ್ ಥ್ರಿಲ್ಡ್’. ‘ಪುಳಕಗೊಳಿಸಿತು’ ಎಂದು ಬಂದರೆ ‘ಇಟ್ ಥ್ರಿಲ್ಡ್ ಮಿ’. ‘ಪುಳಕಗೊಳಿಸುವಂಥದ್ದು’ ಎಂದಾದರೆ ಥ್ರಿಲಿಂಗ್: ‘ದ ಮ್ಯಾಚ್ ವಾಸ್ ಥ್ರಿಲಿಂಗ್’. ‘ಐ ಆಮ್ ಥ್ರಿಲಿಂಗ್’ ಎಂದರೆ ‘ನಾನು ಬೇರೆಯವರಿಗೆ ರೋಮಾಂಚನ ತರುವವಳು’ ಎಂದಾಗುತ್ತದೆ. ಸಂದರ್ಶನದಲ್ಲಿ ಇದು ಬಹಳ ಮುಜುಗರದ ತಪ್ಪು. ‘ಎಕ್ಸೈಟ್’ಗೂ ಇದೇ ಒರೆಗಲ್ಲು ಸಾಕು.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ಅರ್ಥ ಚುಚ್ಚಿ ತೂತು ಮಾಡು. ಮೂಗಿನ ಹೊಳ್ಳೆಗೆ ಹೇಳುವ ‘ನಾಸ್ಟ್ರಿಲ್’ನ ಕೊನೆಯ ತುಂಡೂ ಅದೇ ಬೇರಿನದು. ಮೈಯನ್ನು ಚುಚ್ಚಿ ಹಾಯುವಂಥ ಸಂತೋಷ ಎಂದು ನೆನಪಿಟ್ಟರೆ ಪದದ ತೂಕ ತಿಳಿಯುತ್ತದೆ. ಆಗಲೇ ತುದಿ ಮುಟ್ಟಿದ ಭಾವಕ್ಕೆ ‘ವೆರಿ’ ಸೇರಿಸಿದರೆ ಸಪ್ಪೆಯಾಗುತ್ತದೆ. ‘ಆಬ್ಸೊಲ್ಯೂಟ್ಲಿ ಥ್ರಿಲ್ಡ್’ ಒಪ್ಪುತ್ತದೆ. ‘ವೆರಿ ಎಕ್ಸೈಟೆಡ್’ಗೆ ಆ ತೊಡಕಿಲ್ಲ. ನಾಳೆಯ ಪ್ರವಾಸಕ್ಕೆ ಕಾತರವಿದ್ದರೆ ಎಕ್ಸೈಟೆಡ್ ಸಹಜ. ಫಲಿತಾಂಶ ಬಂದಾಗ, ಕೆಲಸ ಸಿಕ್ಕಾಗ ಥ್ರಿಲ್ಡ್ ಚೆನ್ನಾಗಿ ಹೊಂದುತ್ತದೆ.

ಮುಂದೆ ಬರುವ ಪದದಲ್ಲೂ ಎಡವುವುದುಂಟು. ಉಡುಗೊರೆ, ಫಲಿತಾಂಶಕ್ಕೆ ‘ಥ್ರಿಲ್ಡ್ ವಿತ್’. ಕ್ರಿಯೆ ಬಂದರೆ ‘ಥ್ರಿಲ್ಡ್ ಟು ಮೀಟ್ ಯು’. ಇಡೀ ವಾಕ್ಯ ಬಂದರೆ ‘ಥ್ರಿಲ್ಡ್ ದಟ್ ಯು ಕೇಮ್’. ‘ಥ್ರಿಲ್ಡ್ ಫಾರ್ ಯು’ ಎಂದರೆ ನಿಮಗೆ ಒಳ್ಳೆಯದಾದದ್ದಕ್ಕೆ ನನಗೆ ಅಪಾರ ಸಂತೋಷ. ‘ಥ್ರಿಲ್ಡ್ ಟು ಮೀಟಿಂಗ್’ ತಪ್ಪು.

ಬರೆಯುವಾಗ ಎಲ್ ಎರಡು. ಹೇಳುವಾಗ ಮೊದಲ ದನಿಗೆ ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು ಗಾಳಿ ಹರಿಯಬೇಕು. ನಮ್ಮ ‘ಥ’ಕಾರದಂತೆ ತಡೆದು ಬಿಡುವುದಲ್ಲ.

ಮೇಲಧಿಕಾರಿಯ ಮೇಲ್‌ನಲ್ಲಿ ‘ಐ ಆಮ್ ನಾಟ್ ಎಕ್ಸಾಕ್ಟ್ಲಿ ಥ್ರಿಲ್ಡ್’ ಎಂದಿದ್ದರೆ, ‘ಅಷ್ಟೇನೂ ಪುಳಕವಾಗಲಿಲ್ಲ’ ಎಂದು ಓದಿ ಸುಮ್ಮನಾಗಬೇಡಿ. ಅದು ಮೆತ್ತಗೆ ಹೇಳಿದ ಅಸಮಾಧಾನ. ಕೆಲಸದಲ್ಲಿ ಏನು ಸರಿಯಿಲ್ಲ ಎಂದು ಕೂಡಲೇ ಕೇಳಿ.